ಗಾಡಿಯ ಕೀಲಿಕೈ ಕೊಡುವ ಮುನ್ನ
ದ್ವಿಚಕ್ರ ವಾಹನ ಕಲಿಕೆ, ಚಾಲನಾ ಪರವಾನಗಿ ಮತ್ತು ಅಂಗಡಿ ಮಾಲೀಕನ ಹೊಣೆ

ವ್ಯಾಪಾರಸ್ಥರಾದ ನಾವು ಲೆಕ್ಕವಿಡದ ವಸ್ತುವಿಲ್ಲ. ಗೋದಾಮಿನಿಂದ ಒಂದು ಕಟ್ಟು ಪೈಪು ಹೊರಟರೆ ಚಲನ್ ಬರೆಯುತ್ತೇವೆ, ಸಹಿ ಪಡೆಯುತ್ತೇವೆ. ಹೊಸ ಗಿರಾಕಿಗೆ ಉದ್ರಿ ಕೊಡುವ ಮುನ್ನ ಆತನ ಜಿ.ಎಸ್.ಟಿ. ಸಂಖ್ಯೆಯನ್ನು ಪರಿಶೀಲಿಸುತ್ತೇವೆ, ಪೇಟೆಯಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆದರೆ ಲಕ್ಷ ರೂಪಾಯಿ ಬೆಲೆಬಾಳುವ ಮೋಟಾರ್ ಸೈಕಲ್ಲಿನ ಕೀಲಿಕೈಯನ್ನು ಮಾತ್ರ ಗಲ್ಲೆಯ ಮೇಲಿಂದ ಎಸೆದು, "ಲಗೂನ ಹೋಗಿ ಬಿಲ್ಲು ಕೊಟ್ಟು ಬಾ" ಎಂದುಬಿಡುತ್ತೇವೆ. ಹುಡುಗನಿಗೆ ಗಾಡಿ ಹೊಡೆಯಲು ಬರುತ್ತದೆಯೇ ಎಂದು ಒಮ್ಮೆ ಕೇಳಿರಬಹುದು. ಆತನಿಗೆ ಹೊಡೆಯುವ ಅಧಿಕಾರವಿದೆಯೇ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ನಾನೂ ಕೇಳಿರಲಿಲ್ಲ. ಅದರಿಂದಾದ ನಷ್ಟ ನನ್ನ ಹಣಕ್ಕಷ್ಟೇ ನಿಲ್ಲಲಿಲ್ಲ. ಸದಸ್ಯ ಬಾಂಧವರಿಗೆ ನನ್ನ ಅನುಭವವು ಎಚ್ಚರಿಕೆಯಾಗಿಯೂ, ನಂತರ ನಾನು ತಿಳಿದುಕೊಂಡ ಸಂಗತಿಗಳು ಮಾರ್ಗದರ್ಶಿಯಾಗಿಯೂ ಒದಗಲಿ ಎಂಬುದೇ ಪ್ರಸ್ತುತ ಲೇಖನದ ಉದ್ದೇಶ.

ನಡೆದ ಸಂಗತಿ

ಹುಬ್ಬಳ್ಳಿಯಲ್ಲಿ ನಮ್ಮದು ಪಂಪ್‌ಸೆಟ್ ಬಿಡಿಭಾಗಗಳ ಸಗಟು ಮಾರಾಟದ ಪಾಲುದಾರಿಕೆ ಸಂಸ್ಥೆ. ದುರ್ಗದಬೈಲಿನ ಸಮೀಪದ ಅಂಗಡಿಯಿಂದ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿಗೆ ದಿನಕ್ಕೆ ನಾಲ್ಕಾರು ಸಲ ಓಡಾಟವಿರುತ್ತದೆ. ಅದಕ್ಕೆಂದೇ ಸಂಸ್ಥೆಯ ಹೆಸರಿನಲ್ಲಿ ಒಂದು ಮೋಟಾರ್ ಸೈಕಲ್ ಇಟ್ಟಿದ್ದೆವು. 2016ರಲ್ಲಿ ಒಂದು ದಿನ ಸಂಜೆ, ನಮ್ಮಲ್ಲಿ ಕೆಲಸಕ್ಕಿದ್ದ 19 ವರ್ಷದ ಹುಡುಗ ತುರ್ತು ಸಾಮಾನು ಒಯ್ಯುವಾಗ, ರಸ್ತೆ ದಾಟುತ್ತಿದ್ದ ಹಣ್ಣು ಮಾರುವ ಹೆಣ್ಣುಮಗಳಿಗೆ ಗಾಡಿ ಬಡಿಯಿತು. ಆಕೆಯ ತೊಡೆಯ ಮೂಳೆ ಮುರಿಯಿತು. ಹುಡುಗನಿಗೆ ತರಚು ಗಾಯಗಳಾದವು. ಆ ತಾಯಿ ಆರು ತಿಂಗಳು ಬುಟ್ಟಿ ಹೊತ್ತು ಪೇಟೆಗೆ ಬರಲಾಗಲಿಲ್ಲ.

ಆಸ್ಪತ್ರೆಗೆ ನೋಡಲು ಹೋದಾಗ ಆಕೆ ಕೂಗಾಡಲಿಲ್ಲ. "ಯಪ್ಪಾ, ಹುಡುಗನ ಕೈಯಾಗ ಗಾಡಿ ಕೊಡೂಮುಂದ ನೀವಾದ್ರೂ ಒಂದ್ ಮಾತ್ ವಿಚಾರ ಮಾಡಬೇಕಿತ್ತಲ್ರೀ" ಎಂದಷ್ಟೇ ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಠಾಣೆಯಲ್ಲಿ ಮೊದಲು ಕೇಳಿದ್ದು ಪರವಾನಗಿ. ಹುಡುಗನ ಬಳಿ ಇದ್ದದ್ದು ಕಲಿಕಾ ಪರವಾನಗಿ, ಅಂದರೆ ಎಲ್.ಎಲ್.ಆರ್.; ಅದರ ಅವಧಿ ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಪರವಾನಗಿಯಿಲ್ಲದವನಿಗೆ ವಾಹನ ಕೊಟ್ಟ ಅಪರಾಧಕ್ಕೆ ನನಗೂ ದಂಡ ಬಿತ್ತು. ಅಂದಿನ ಕಾನೂನಿನಂತೆ ಅದು ಸಾವಿರ ರೂಪಾಯಿಯೊಳಗಿನ ಮಾತು. ಅಲ್ಲಿಗೆ ಮುಗಿಯಿತೆಂದು ಭಾವಿಸಿದೆ. ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪ್ರಕರಣ ನಡೆದು 2019ರಲ್ಲಿ ಆದೇಶ ಬಂತು. ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರವನ್ನು ಮೊದಲು ಪಾವತಿಸತಕ್ಕದ್ದು, ನಂತರ ಅದನ್ನು ವಾಹನ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂಬುದೇ ಆ ಆದೇಶ. ಬಡ್ಡಿ ಸೇರಿ ಎರಡು ಲಕ್ಷಕ್ಕೆ ಸಮೀಪದ ಮೊತ್ತವನ್ನು ನಮ್ಮ ಸಂಸ್ಥೆ ಕಟ್ಟಿತು. ವರ್ಷವರ್ಷವೂ ತಪ್ಪದೆ ವಿಮಾ ಕಂತು ಕಟ್ಟಿದ್ದರೂ ಆ ವಿಮೆ ನಮ್ಮ ಪಾಲಿಗೆ ಇದ್ದೂ ಇಲ್ಲದಂತಾಯಿತು.

ಅದೇ ದಿನ ನಮ್ಮ ವಕೀಲರು, "ನಿಮ್ಮ ಪರವಾನಗಿಯನ್ನೂ ಒಮ್ಮೆ ತೋರಿಸಿ" ಎಂದರು. ತೋರಿಸಿದೆ. ಅವರು ನಕ್ಕು ಹಿಂತಿರುಗಿಸಿದರು. ಹರೆಯದಲ್ಲಿ ಮೊಪೆಡ್ ಓಡಿಸಲು ಮಾಡಿಸಿದ್ದ ಆ ಪರವಾನಗಿ ಗೇರ್ ರಹಿತ ವಾಹನಕ್ಕೆ ಮಾತ್ರ ಸೀಮಿತವಾಗಿತ್ತು. ಅದನ್ನೇ ಜೇಬಿನಲ್ಲಿಟ್ಟುಕೊಂಡು ಹದಿನೈದು ವರ್ಷ ನಾನು ಗೇರಿನ ಗಾಡಿ ಓಡಿಸಿದ್ದೆ!

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಅಧಿನಿಯಮದ 3ನೆಯ ಪ್ರಕರಣದಂತೆ ಚಾಲ್ತಿಯಲ್ಲಿರುವ ಪರವಾನಗಿಯಿಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ನಮ್ಮಂಥವರು ಗಮನಿಸಬೇಕಾದದ್ದು 5ನೆಯ ಪ್ರಕರಣ: ವಾಹನದ ಮಾಲೀಕನು ಅಥವಾ ಅದರ ಉಸ್ತುವಾರಿ ಹೊತ್ತವನು, ಪರವಾನಗಿಯಿಲ್ಲದ ವ್ಯಕ್ತಿಗೆ ಓಡಿಸಲು ಅವಕಾಶ ಕೊಡಕೂಡದು. 2019ರ ತಿದ್ದುಪಡಿಯ ಬಳಿಕ ಇದನ್ನು ಮೀರಿದ ಮಾಲೀಕನಿಗೆ 180ನೆಯ ಪ್ರಕರಣದಡಿ ರೂ. 5,000 ದಂಡ, ಅಥವಾ 3 ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಓಡಿಸಿದವನಿಗೆ 181ನೆಯ ಪ್ರಕರಣದಡಿ ಇಷ್ಟೇ ಪ್ರಮಾಣದ ಶಿಕ್ಷೆಯಿದೆ. ಸ್ಥಳದಲ್ಲಿಯೇ ವಸೂಲು ಮಾಡುವ ರಾಜಿ ದಂಡದ ಮೊತ್ತವನ್ನು ರಾಜ್ಯ ಸರ್ಕಾರಗಳು ನಿಗದಿಪಡಿಸುತ್ತವೆ. ಕರ್ನಾಟಕವು 2019ರ ಸೆಪ್ಟೆಂಬರ್‌ನಲ್ಲಿ ಇಂತಹ ಹಲವು ಮೊತ್ತಗಳನ್ನು ಇಳಿಸಿತು. ದಂಡ ಇಳಿದರೂ ಪರಿಹಾರದ ಹೊಣೆ ಇಳಿಯುವುದಿಲ್ಲ ಎಂಬುದನ್ನು ಮರೆಯಬಾರದು.

ಅಪ್ರಾಪ್ತ ವಯಸ್ಕರ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಗೇರಿನ ಮೋಟಾರ್ ಸೈಕಲ್ ಓಡಿಸಲು 18 ವರ್ಷ ತುಂಬಿರಬೇಕು. 2019ರಲ್ಲಿ ಸೇರಿಸಲಾದ 199ಎ ಪ್ರಕರಣದಂತೆ ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನ ಮಾಲೀಕರು ತಪ್ಪಿತಸ್ಥರೆಂದು ಪರಿಗಣಿತರಾಗುತ್ತಾರೆ. 3 ವರ್ಷಗಳವರೆಗೆ ಸೆರೆವಾಸ, ರೂ. 25,000 ದಂಡ, 12 ತಿಂಗಳ ಕಾಲ ವಾಹನ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗದು. "ನನ್ನ ಮಗ ಹೈಸ್ಕೂಲಿನಲ್ಲಿರುವಾಗಲೇ ಬ್ಯಾಂಕಿಗೆ ಗಾಡಿಯಲ್ಲಿ ಹೋಗಿ ಬರುತ್ತಾನೆ" ಎಂದು ಹೆಮ್ಮೆಪಡುವ ಮಿತ್ರರು ಇದನ್ನು ಎರಡು ಸಲ ಓದಬೇಕಾಗಿ ವಿನಂತಿ.

ವಿಮೆಯ ಸೂಕ್ಷ್ಮಗಳು

ಪರವಾನಗಿಯಿಲ್ಲದ ಚಾಲಕನ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು 2004ರಲ್ಲಿ ನೀಡಿದ ತೀರ್ಪು ಮಹತ್ವದ್ದು. ಚಾಲಕನಿಗೆ ಪರವಾನಗಿ ಇರಲಿಲ್ಲವೆಂದು ಹೇಳಿದ ಮಾತ್ರಕ್ಕೆ ವಿಮಾ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ; ಮಾಲೀಕನು ಯುಕ್ತ ಎಚ್ಚರಿಕೆ ವಹಿಸಲಿಲ್ಲವೆಂಬುದನ್ನು ಅದೇ ಸಾಬೀತುಪಡಿಸಬೇಕು. ಚಾಲ್ತಿಯಲ್ಲಿರುವ ಕಲಿಕಾ ಪರವಾನಗಿಯೂ ಪರವಾನಗಿಯೇ ಎಂದು ಅದೇ ತೀರ್ಪು ಹೇಳಿತು. ಪರವಾನಗಿಯನ್ನು ನೋಡಿ, ಆತನಿಗೆ ಓಡಿಸಲು ಬರುತ್ತದೆಂದು ಮನಗಂಡು ಕೆಲಸಕ್ಕಿಟ್ಟುಕೊಂಡ ಮಾಲೀಕನು, ಸಾಮಾನ್ಯ ಸಂದರ್ಭದಲ್ಲಿ, ಸಾರಿಗೆ ಕಚೇರಿಗೆ ಹೋಗಿ ಅದರ ಅಸಲಿತನವನ್ನು ವಿಚಾರಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಪುನಃ ಸ್ಪಷ್ಟಪಡಿಸಿತು. ಅಂದರೆ ಕಾನೂನು ನಮ್ಮಿಂದ ಅಪೇಕ್ಷಿಸುವುದು ಅಸಾಧ್ಯವಾದದ್ದನ್ನಲ್ಲ. ಕೇಳಬೇಕು, ನೋಡಬೇಕು, ಓಡಿಸಿ ತೋರಿಸೆನ್ನಬೇಕು. ನಾನು ಈ ಮೂರನ್ನೂ ಮಾಡಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. 2018ರಿಂದ ಮಾಲೀಕ-ಚಾಲಕನಿಗೆ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿದೆ. ಆದರೆ ಇದು ಊರ್ಜಿತ ಪರವಾನಗಿ ಹೊಂದಿದ ವ್ಯಕ್ತಿ ಮಾಲೀಕನಾಗಿದ್ದಾಗ ಮಾತ್ರ. ವಾಹನವು ಕಂಪನಿಯ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ ಈ ರಕ್ಷಣೆ ಅನ್ವಯಿಸುವುದಿಲ್ಲ. ತೃತೀಯ ವ್ಯಕ್ತಿ ವಿಮೆಯು ದಾರಿಹೋಕನಿಗೆ ಪರಿಹಾರ ಕೊಡುತ್ತದೆಯೇ ಹೊರತು, ಗಾಡಿಯಿಂದ ತಾನೇ ಬಿದ್ದ ನಮ್ಮ ಹುಡುಗನಿಗಲ್ಲ. ಕೆಲಸದ ನಿಮಿತ್ತ ಆದ ಅಪಘಾತಕ್ಕೆ ನೌಕರನಿಗೆ ಪರಿಹಾರ ನೀಡುವ ಹೊಣೆ ನಮ್ಮ ಮೇಲೆಯೇ ಬರುತ್ತದೆ. ಆದ್ದರಿಂದ ಗಾಡಿಯ ಮೇಲೆ ಓಡಾಡುವ ನೌಕರರಿಗೆ ಇ.ಎಸ್.ಐ. ಅನ್ವಯಿಸದಿದ್ದಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ಔದಾರ್ಯವಲ್ಲ, ವ್ಯವಹಾರ ಜ್ಞಾನ.

ನಲವತ್ತೆಂಟರ ವಿದ್ಯಾರ್ಥಿ

2019ರ ಚಳಿಗಾಲದಲ್ಲಿ ನನಗೆ 48 ವರ್ಷ. ಹೊಸ ವರ್ಗದ ಪರವಾನಗಿಗಾಗಿ ನಾನು ಅರ್ಜಿ ಹಾಕುವೆನೆಂದಾಗ ಹುಡುಗನನ್ನೂ ಕರೆದೆ. ಅಪಘಾತದ ನಂತರ ಆತ ಗಾಡಿಯ ಹತ್ತಿರವೂ ಸುಳಿದಿರಲಿಲ್ಲ; ಮೂರು ವರ್ಷ ಸಾಮಾನನ್ನು ಸೈಕಲ್ಲಿನ ಮೇಲೆ ಒಯ್ಯುತ್ತಿದ್ದ. "ಬ್ಯಾಡ್ರೀ ಅಣ್ಣಾರ, ಕೈ ನಡಗ್ತಾವು" ಎಂದ. "ಇಬ್ಬರೂ ಕೂಡಿ ಮೊದಲಿನಿಂದ ಕಲಿಯೋಣ" ಎಂದೆ.

ಪದ್ಧತಿ ಹೀಗಿದೆ. ಸಾರಥಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ವಯಸ್ಸು ಮತ್ತು ವಿಳಾಸದ ದಾಖಲೆಗಳ ಜೊತೆ ದೇಹಾರೋಗ್ಯದ ಸ್ವಯಂ ಘೋಷಣೆ, ನಮೂನೆ 1, ಅಗತ್ಯ. 40 ವರ್ಷ ಮೀರಿದವರಿಗೆ ವೈದ್ಯರ ಪ್ರಮಾಣಪತ್ರ, ನಮೂನೆ 1ಎ, ಬೇಕು. ಹೊಸಬರು ಸಂಚಾರ ಚಿಹ್ನೆ ಹಾಗೂ ನಿಯಮಗಳ ಕುರಿತ ಪ್ರಾಥಮಿಕ ಪರೀಕ್ಷೆ ಬರೆಯಬೇಕು. ಕೇಂದ್ರ ನಿಯಮದಂತೆ ಕನಿಷ್ಠ ಶೇ. 60ರಷ್ಟು ಉತ್ತರಗಳು ಸರಿಯಿರಬೇಕು. ಕಲಿಕಾ ಪರವಾನಗಿಗೆ 6 ತಿಂಗಳ ಆಯುಷ್ಯ. ಅದು ಕೈಸೇರಿ ಕನಿಷ್ಠ 30 ದಿನಗಳಾದ ಮೇಲೆಯೇ ಚಾಲನಾ ಪರೀಕ್ಷೆ. ಕಲಿಯುವ ಅವಧಿಯಲ್ಲಿ ವಾಹನದ ಮುಂದೆ ಹಾಗೂ ಹಿಂದೆ, 18 ಸೆಂ.ಮೀ. ಚೌಕದ ಬಿಳಿಯ ಫಲಕದ ಮೇಲೆ ಕೆಂಪು 'ಎಲ್' ಅಕ್ಷರವಿರಬೇಕು. ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಎಲ್.ಎಲ್.ಆರ್. ಬಂದ ಮರುದಿನವೇ ಹುಡುಗನ ಹಿಂದೆ ಹಮಾಲನನ್ನು ಕೂರಿಸಿ ಕಳಿಸುವ ನಮ್ಮ ವಾಡಿಕೆ ಕಾನೂನುಬಾಹಿರ ಎಂದು ನನಗೆ ಆಗಲೇ ತಿಳಿದದ್ದು.

ನಮಗೆ ಕಲಿಸಿದವರು ಗೋದಾಮಿನ ಪಕ್ಕದ ಗ್ಯಾರೇಜಿನ ಹಿರಿಯ ಮೇಸ್ತ್ರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಯ ಮೇಲೆ, ಕಿಕ್ಕರೂ ಗೇರೂ ಒಂದೇ ಕಡ್ಡಿಯಾಗಿದ್ದ ಕಾಲದಲ್ಲಿ, ಅವರು ಕಲಿತವರು. ರವಿವಾರ ಮುಂಜಾನೆ ಕೈಗಾರಿಕಾ ವಸಾಹತಿನ ಖಾಲಿ ನಿವೇಶನವೊಂದರಲ್ಲಿ ಪಾಠ.

ಮೊದಲ ದಿನ ಎಂಜಿನ್ ಚಾಲೂ ಮಾಡಿಸಲಿಲ್ಲ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಎಡಬಲಕ್ಕೆ ವಾಲಿಸಿ ಅದರ ಭಾರವನ್ನು ಅರಿಯುವುದು, ತಳ್ಳಿಕೊಂಡು ನಡೆದು ಬ್ರೇಕ್ ಹಿಡಿದು ನಿಲ್ಲಿಸುವುದು, ಇಷ್ಟೇ. ಎರಡನೆಯ ದಿನ ಕ್ಲಚ್. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸಾವಕಾಶವಾಗಿ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ ಸದ್ದು ತುಸು ಕುಗ್ಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಕೈ ಅಲ್ಲಿಯೇ ತಡೆಯಬೇಕು. ಆ ಹಂತವನ್ನು ಬೆರಳು ಗುರುತಿಸಿದರೆ ಅರ್ಧ ವಿದ್ಯೆ ಬಂದಂತೆ. ಗಾಡಿ ಒಮ್ಮೆಲೆ ನೆಗೆಯುವುದೂ, ನಡುರಸ್ತೆಯಲ್ಲಿ ಎಂಜಿನ್ ಬಂದಾಗುವುದೂ ಈ ಹಂತ ತಿಳಿಯದವರ ಕೈಯಲ್ಲಿಯೇ.

ಮೂರನೆಯ ವಾರ ಬ್ರೇಕ್. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತದೆ ಎಂಬ ಭಯದಿಂದ ನಾನು ಅಷ್ಟೂ ವರ್ಷ ಕಾಲಿನ ಬ್ರೇಕನ್ನಷ್ಟೇ ಒತ್ತಿಕೊಂಡು ಬಂದಿದ್ದೆ. ಮೇಸ್ತ್ರಿ ನೆಲದ ಮೇಲೆ ಗೆರೆ ಎಳೆದು ಎರಡೂ ರೀತಿಯಲ್ಲಿ ನಿಲ್ಲಿಸಿ ತೋರಿಸಿದರು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ, ತಡೆಯುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಹ್ಯಾಂಡಲ್ ನೇರವಿಟ್ಟು, ಎರಡೂ ಬ್ರೇಕುಗಳನ್ನು ಕೂಡಿಸಿ, ಹಂತಹಂತವಾಗಿ ಒತ್ತಬೇಕು. ತಿರುವಿನಲ್ಲಿ, ಮರಳು ಹರಡಿದ ನೆಲದಲ್ಲಿ, ಹಸಿ ರಸ್ತೆಯಲ್ಲಿ ಒಮ್ಮೆಲೆ ಹಿಡಿಯಬಾರದು. 2019ರ ಏಪ್ರಿಲ್ 1ರಿಂದ ಮಾರಾಟವಾಗುವ 125 ಸಿ.ಸಿ.ವರೆಗಿನ ಗಾಡಿಗಳಿಗೆ ಎರಡೂ ಬ್ರೇಕುಗಳನ್ನು ಬೆಸೆಯುವ ವ್ಯವಸ್ಥೆಯನ್ನೂ, ಅದಕ್ಕೆ ಮೇಲ್ಪಟ್ಟವುಗಳಿಗೆ ಚಕ್ರ ಸ್ತಬ್ಧವಾಗಿ ಜಾರುವುದನ್ನು ತಡೆಯುವ ಎ.ಬಿ.ಎಸ್. ಅನ್ನೂ ಸರ್ಕಾರ ಕಡ್ಡಾಯಗೊಳಿಸಿದೆ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಕೈಯ ಅಭ್ಯಾಸವೇ ಗತಿ.

ಲೆಕ್ಕದ ಮಾತನ್ನೂ ಹೇಳಬೇಕು. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕ್ ಹಿಡಿಯುವುದರೊಳಗೆ ಒಂದು ಸೆಕೆಂಡ್ ಕಳೆದರೆ ಗಾಡಿ ಆಗಲೇ 11 ಮೀಟರ್ ಸಾಗಿರುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿಯೂ ನಿಲ್ಲಲು ಇನ್ನೂ ಸುಮಾರು ಅಷ್ಟೇ ದೂರ ಬೇಕು. 60 ಕಿ.ಮೀ. ವೇಗದಲ್ಲಿ ಈ ಒಟ್ಟು ದೂರ ಹೆಚ್ಚುಕಡಿಮೆ ದ್ವಿಗುಣವಾಗುತ್ತದೆ. "ಲಗೂನ ಹೋಗಿ ಬಾ" ಎಂಬ ನಮ್ಮ ಅಪ್ಪಣೆಯ ಬೆಲೆ ಇದು.

ಕೊನೆಯ ಪಾಠ ಎಂಟರ ಆಕಾರ. ನೆಲದ ಮೇಲೆ ಬರೆದ ಎಂಟರ ಗುಂಟ ಕಾಲೂರದೆ ಗಾಡಿಯನ್ನು ಸುತ್ತಿಸಬೇಕು. ನಾನು ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ಪ್ರತಿಸಲವೂ ಗೆರೆ ಮೀರುತ್ತಿದ್ದೆ. "ಗಾಲಿ ನೋಡಬ್ಯಾಡ್ರೀ ಸಾಹುಕಾರ್ರ, ಹೋಗೂ ದಾರಿ ನೋಡ್ರಿ. ಕಣ್ಣು ಎಲ್ಲಿ ಹೋಗ್ತೈತಿ, ಗಾಡಿ ಅಲ್ಲೇ ಹೋಗ್ತೈತಿ" ಎಂದರು ಮೇಸ್ತ್ರಿ. ಹ್ಯಾಂಡಲ್ಲಿಗೆ ಚೀಲ ತೂಗಹಾಕಿ ಎಂಟನ್ನು ಸುತ್ತಿಸಿದಾಗ ಇನ್ನೊಂದು ಸತ್ಯ ತಿಳಿಯಿತು: ಅಲ್ಲಿ ತೂಗುವ ಐದು ಕಿಲೋ ಭಾರ, ಹಿಂದಿನ ಸೀಟಿಗೆ ಬಿಗಿದ ಇಪ್ಪತ್ತು ಕಿಲೋಗಿಂತ ಹೆಚ್ಚು ಕಾಡುತ್ತದೆ.

ಪರೀಕ್ಷೆಯ ದಿನ ಹುಡುಗ ಮೊದಲ ಸಲಕ್ಕೇ ಉತ್ತೀರ್ಣನಾದ. ನಾನು ಎಂಟರ ಎರಡನೆಯ ತಿರುವಿನಲ್ಲಿ ಕಾಲೂರಿ ಅನುತ್ತೀರ್ಣನಾದೆ. ಕಾನೂನಿನಂತೆ ಏಳು ದಿನಗಳ ನಂತರ ಪುನಃ ಹಾಜರಾಗಬಹುದು. ಮೂರು ಸಲ ತಪ್ಪಿದರೆ ಅರವತ್ತು ದಿನ ಕಾಯಬೇಕು. ಮುಂದಿನ ವಾರ ನಾನೂ ಪಾರಾದೆ. ಮಧ್ಯವರ್ತಿಯೊಬ್ಬ ಬಂದು "ನೀವು ಬರೂದಬ್ಯಾಡ್ರೀ, ಎಲ್ಲಾ ನಾ ಮಾಡಸ್ತೀನಿ" ಎಂದಿದ್ದ. ಆತನ ಮಾತು ಕೇಳಿದ್ದರೆ ಕಾರ್ಡು ಬರುತ್ತಿತ್ತು, ಮುಂದಿನ ಬ್ರೇಕ್ ಹಿಡಿಯಲು ಮಾತ್ರ ಬರುತ್ತಿರಲಿಲ್ಲ.

ಸದಸ್ಯರು ಪಾಲಿಸಬಹುದಾದ ಕ್ರಮಗಳು

1. ಗಾಡಿ ಓಡಿಸುವ ಪ್ರತಿ ನೌಕರನ ಪರವಾನಗಿಯ ಪ್ರತಿಯನ್ನು ಕಡತದಲ್ಲಿಡಿ. ಪರಿವಾಹನ್ ಜಾಲತಾಣದಲ್ಲಿ ಪರವಾನಗಿ ಸಂಖ್ಯೆ ಮತ್ತು ಜನ್ಮ ದಿನಾಂಕ ನೀಡಿ ಕ್ಷಣಮಾತ್ರದಲ್ಲಿ ಪರಿಶೀಲಿಸಬಹುದು. ಆ ಪುಟವನ್ನು ಮುದ್ರಿಸಿ ಜೊತೆಗಿಟ್ಟರೆ, ಯುಕ್ತ ಎಚ್ಚರಿಕೆ ವಹಿಸಿದ್ದಕ್ಕೆ ಅದೇ ಪುರಾವೆ.

2. ವಾಹನದ ವರ್ಗವನ್ನು ನೋಡಿ. ಗೇರ್ ರಹಿತ ಪರವಾನಗಿ ಇರುವವನಿಗೆ ಗೇರಿನ ಗಾಡಿ ಕೊಡಬೇಡಿ. ವಿದ್ಯುತ್ ಚಾಲಿತ ಗಾಡಿಗಳಲ್ಲಿ, 250 ವ್ಯಾಟ್ ಒಳಗಿನ ಶಕ್ತಿಯ ಮತ್ತು ಗಂಟೆಗೆ 25 ಕಿ.ಮೀ. ಮೀರದ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ; ಉಳಿದವಕ್ಕೆ ಪರವಾನಗಿ ಬೇಕೇಬೇಕು.

3. ಅವಧಿ ಮುಗಿಯುವ ದಿನಾಂಕವನ್ನು ವಿಮಾ ಕಂತಿನ ದಿನಾಂಕದ ಜೊತೆಗೇ ಬರೆದಿಡಿ. ಹಿಂದೆ ಇದ್ದ 30 ದಿನಗಳ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ರದ್ದಾಗಿದೆ. ನವೀಕರಣಕ್ಕೆ ಅವಧಿಗೆ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ಮೀರಿದರೆ ಪುನಃ ಪರೀಕ್ಷೆ.

4. ಹೊಸ ನೌಕರನನ್ನು ಮೊದಲ ದಿನ ಖಾಲಿ ಜಾಗದಲ್ಲಿ ಓಡಿಸಿ ನೋಡಿ. ಸಾಧ್ಯವಾದರೆ ಕಲಿಕೆಯ ಮತ್ತು ಪರವಾನಗಿಯ ಖರ್ಚನ್ನು ಸಂಸ್ಥೆಯಿಂದಲೇ ಭರಿಸಿ.

5. ಐ.ಎಸ್. 4151 ಗುರುತಿನ ಹೆಲ್ಮೆಟ್ಟನ್ನು ಗಾಡಿಯ ಜೊತೆಗೇ ಇಡಿ, ಹಿಂಬದಿ ಸವಾರನಿಗೂ ಒಂದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಇದು ಕಡ್ಡಾಯ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಈ ಸಂಖ್ಯೆಗಳ ಹಿಂದೆ ಯಾರದೋ ಅಂಗಡಿಯ ಹುಡುಗನಿದ್ದಾನೆ, ಯಾರದೋ ಮನೆಯ ತಾಯಿಯಿದ್ದಾಳೆ.

ಪರವಾನಗಿಯ ಕಾರ್ಡು ಅಂಚೆಯಲ್ಲಿ ಬಂದ ದಿನ ಹುಡುಗ ಅದನ್ನು ನನಗೆ ತೋರಿಸುವ ಮೊದಲು ಎಲ್ಲಿಗೋ ಹೋಗಿ ಬಂದ. ಆ ಹಣ್ಣಿನ ತಾಯಿಗೆ ತೋರಿಸಲು ಹೋಗಿದ್ದನಂತೆ. ಆಕೆ ಈಗಲೂ ತುಸು ಕುಂಟುತ್ತಾಳೆ. ಬುಟ್ಟಿ ಹೊರಲಾಗದೆ ಒಂದೆಡೆ ಕುಳಿತು ಮಾರುತ್ತಾಳೆ. ಅಕ್ಷರ ಬಾರದ ಆಕೆ ಕಾರ್ಡನ್ನು ತಿರುಗಿಸಿ ನೋಡಿ, "ಸಾವಕಾಶ ಹೊಡಿ ತಮ್ಮಾ" ಎಂದು ಎರಡು ಬಾಳೆಹಣ್ಣು ಕೊಟ್ಟಳಂತೆ.

ಅಂದಿನಿಂದ ನಮ್ಮ ಗಲ್ಲೆಯ ಪಕ್ಕದ ಗೋಡೆಯ ಮೊಳೆಯಲ್ಲಿ ಗಾಡಿಯ ಕೀಲಿಕೈ ತೂಗುತ್ತದೆ. ಅದರ ಪಕ್ಕದಲ್ಲಿ ಓಡಿಸಲು ಅರ್ಹರಾದವರ ಹೆಸರು ಮತ್ತು ಅವರ ಪರವಾನಗಿ ಮುಗಿಯುವ ದಿನಾಂಕದ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ, ಮಾಲೀಕನ ಮಗನಾದರೂ ಸರಿ, ಕೀಲಿಕೈ ಸಿಗುವುದಿಲ್ಲ. ಇಂತಹ ಒಂದು ಪಟ್ಟಿ ಪ್ರತಿಯೊಬ್ಬ ಸದಸ್ಯರ ಅಂಗಡಿಯಲ್ಲಿಯೂ, ಕಾರ್ಖಾನೆಯಲ್ಲಿಯೂ ಇರಲಿ ಎಂಬುದು ನನ್ನ ನಮ್ರ ವಿನಂತಿ. ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ.